ಮೂತ್ರಪಿಂಡರೋಗ: ರಕ್ತಸೂಚಕಗಳ ಇತಿಹಾಸ

ಮೂತ್ರಪಿಂಡಗಳ ಶೋಧನಶಕ್ತಿಯನ್ನು ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ಕುಂದಿಸುವ ದೀರ್ಘಕಾಲಿಕ ವ್ಯಾಧಿಯು ಬಹುಕಾಲ ನೋವಿನ ಕುರುಹನ್ನೇ ತೋರದಾದಕಾರಣ, ಅದರ ಗತಿಯನ್ನು ಅರಿಯಲು ವೈದ್ಯರು ರಕ್ತದಲ್ಲಿ ಉಳಿದುಹೋಗುವ ತ್ಯಾಜ್ಯವಸ್ತುಗಳನ್ನು ಅಳೆಯಬೇಕಾಯಿತು.

ಮೂತ್ರಪಿಂಡಗಳನ್ನು ತೆಗೆದುಹಾಕಿದ ಪ್ರಾಣಿಗಳ ರಕ್ತದಲ್ಲಿ ಯೂರಿಯವು ಶೇಖರವಾಗುವುದನ್ನು 1821ರಲ್ಲಿ ಪ್ರೆವೊ ಮತ್ತು ಡ್ಯೂಮಾ ಕಂಡರು. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಮೈಬಾವು, ಮೂತ್ರದೊಳಗಿನ ಆಲ್ಬುಮಿನ್ ಮತ್ತು ಮೂತ್ರಪಿಂಡದ ವಿಕೃತಿ ಇವುಗಳ ಸಂಬಂಧವನ್ನು ನಿರೂಪಿಸಿದನು. ಆದರೆ ಯೂರಿಯವು ಉಂಡ ಬೇಳೆ ಮಾಂಸಗಳಿಗೂ ಮೈಯ ನೀರು ಬತ್ತುವುದಕ್ಕೂ ಏರಿಳಿಯುವುದರಿಂದ ನೆಚ್ಚತಕ್ಕ ಸಾಕ್ಷಿಯಲ್ಲ. ಸ್ನಾಯುಗಳಿಂದ ದಿನವೂ ಹೆಚ್ಚುಕಡಮೆ ಸಮಪ್ರಮಾಣದಲ್ಲಿ ಹುಟ್ಟುವ ಕ್ರಿಯಾಟಿನಿನ್ ಅದರ ಸ್ಥಾನವನ್ನು ಪಡೆಯಿತು. ಕ್ಷಾರದ ಸನ್ನಿಧಿಯಲ್ಲಿ ಹಳದಿಯ ಪಿಕ್ರಿಕ್ ಆಮ್ಲವು ಕ್ರಿಯಾಟಿನಿನ್ನೊಡನೆ ಕೂಡಿದಾಗ, ಗಿಡದಲ್ಲಿ ಹಣ್ಣಾಗತೊಡಗಿದ ಕಾಫಿಯ ಕಾಯಿಯಂತೆ ಕಿತ್ತಳೆಗೆಂಪಿಗೆ ತಿರುಗುವುದೆಂದು 1886ರಲ್ಲಿ ಮ್ಯಾಕ್ಸ್ ಯಾಫೆ ತೋರಿಸಿದನು. 1904ರಲ್ಲಿ ಆಟೋ ಫೋಲಿನ್ ಆ ಬಣ್ಣದ ಗಾಢತೆಯನ್ನೇ ಅಳತೆಗೋಲಾಗಿ ಮಾಡಿಕೊಂಡನು.

ಈ ಸೂಚಕದಲ್ಲಿಯೂ ಒಂದು ಮರೆಯುಂಟು. ಶೋಧನಶಕ್ತಿಯ ಅರ್ಧಭಾಗ ನಷ್ಟವಾದ ಮೇಲೂ ಕ್ರಿಯಾಟಿನಿನ್ನಿನ ಅಂಕಿಯು ಸಹಜಮಿತಿಯೊಳಗೇ ಇರಬಹುದು. ಸಕಲೇಶಪುರ, ಆಲೂರುಗಳ ಮಲೆಸೀಮೆಯಲ್ಲಿ ಇದನ್ನು ವಿಶೇಷವಾಗಿ ನೆನೆಯಬೇಕು. ಏಕೆಂದರೆ ಕೊಳಕುಮಂಡಲದ ಕಡಿತದಿಂದಲೋ ಇಲಿಜ್ವರದಿಂದಲೋ ಹಿಂದೊಮ್ಮೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದು, ಈಗ ಸಕ್ಕರೆಕಾಯಿಲೆಯೂ ಸೇರಿಕೊಂಡಿರುವ ಬಡಕಲು ಮೈಯ ತೋಟದ ಕೂಲಿಯವಳ ಸ್ನಾಯುಗಳು ಕೊಡುವ ಕ್ರಿಯಾಟಿನಿನ್ನೇ ಅಲ್ಪ. ವಯಸ್ಸು ಮತ್ತು ಲಿಂಗವನ್ನು ಗಣಿಸಿ ಕ್ರಿಯಾಟಿನಿನ್ನಿನಿಂದ ಶೋಧನೆಯನ್ನು ಅಂದಾಜಿಸುವ 2021ರ ಸೂತ್ರವನ್ನು ಹಚ್ಚಿ ನೋಡಿದರೆ, ಡೆಸಿಲೀಟರಿಗೆ 1.1 ಮಿಲಿಗ್ರಾಮ್ ಎಂಬ ಒಂದೇ ಅಂಕಿಯು 25 ವರ್ಷದ ಯುವಕನಲ್ಲಿ ನಿಮಿಷಕ್ಕೆ ಸುಮಾರು 95 ಮಿಲಿಲೀಟರಿನ ಶೋಧನೆಯನ್ನೂ 70 ವರ್ಷದ ವೃದ್ಧೆಯಲ್ಲಿ ಸುಮಾರು 54ನ್ನೂ ಸೂಚಿಸುತ್ತದೆ. ಯುವಕನಿಗೆ ಆರೋಗ್ಯವೆನಿಸುವ ಅಂಕಿಯೇ ಆಕೆಗೆ ರೋಗದ ಹೊಸ್ತಿಲು. ಆದರೂ ಈ ಸೂತ್ರವು ಮೈಕಟ್ಟನ್ನು ಕಾಣದು. ವೃದ್ಧೆಯು ತೀರ ಕೃಶಳಾಗಿದ್ದಲ್ಲಿ ನಿಜವಾದ ಶೋಧನೆ ಇನ್ನೂ ಕಡಮೆಯಿರಬಹುದು. ಸ್ನಾಯುವಿನ ಹಂಗು ಅಷ್ಟಾಗಿಲ್ಲದ ಸಿಸ್ಟಾಟಿನ್ ಸಿ ಎಂಬ ಪ್ರೋಟೀನು 1985ರಿಂದೀಚೆಗೆ ಸೂಚಕವಾಗಿ ಗಣನೆಗೆ ಬಂದುದು ಇಂಥವರ ಪಾಲಿಗೆ ದೊಡ್ಡ ಉಪಕಾರವೇ ಸರಿ.

ರೋಗದ ಗತಿಯನ್ನು ಒಂದೇ ಅಂಕಿಯಿಂದ ಹೇಳಲಾಗದು. ಕ್ರಿಯಾಟಿನಿನ್ನಿನ ವ್ಯುತ್ಕ್ರಮವನ್ನು ಕಾಲಕ್ಕೆ ಎದುರಾಗಿ ಗುರುತಿಸಿದರೆ ಅನೇಕ ರೋಗಿಗಳಲ್ಲಿ ಅದು ಸರಳರೇಖೆಯಾಗಿ ಇಳಿಯುವುದನ್ನು 1976ರಲ್ಲಿ ಮಿಚ್ ಮತ್ತು ಸಹೋದ್ಯೋಗಿಗಳು ತೋರಿಸಿದರು. 2002ರಲ್ಲಿ ಅಮೆರಿಕದ ಮಾರ್ಗಸೂಚಿಯು, ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಶೋಧನೆಯು ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗೆ ನಿಂತರೆ ಅದನ್ನು ದೀರ್ಘಕಾಲಿಕವೆಂದು ವಿಧಿಸಿತು. ಆದುದರಿಂದ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಿಂದ ಹಾಸನದ ವೈದ್ಯಕೀಯ ಸಂಸ್ಥೆಗೋ ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಗೋ ಹೋಗುವ ರೋಗಿಯ ಕೈಯಲ್ಲಿ ಹಳೆಯ ಚೀಟಿಗಳಿರುವುದು ಅತ್ಯಗತ್ಯ. ಸಂತೆಯ ದಿನ ಪೇಟೆಗಿಳಿದಾಗ ಮಾಡಿಸಿದ ಪರೀಕ್ಷೆಯ ಕಾಗದ, ಪ್ಲಾಸ್ಟಿಕ್ ಚೀಲದೊಳಗೆ ಮಡಿಕೆ ಹರಿದು, ಶಾಯಿ ಮಾಸಿ, ತಾರೀಖು ಮಾತ್ರ ಕಾಣುವಂತಿದ್ದರೂ, ವೈದ್ಯನು ಅದನ್ನು ಬೆಳಕಿಗೆ ಹಿಡಿದು ಅಂಕಿಯನ್ನು ಹುಡುಕುತ್ತಾನೆ.