ಕಾರವಾರದ ಚಿಟ್ಟೆ ಸಾಹೇಬರು, ಹಾರವಾಡದ ಅಂಗಳ

ಈ ಸಲ ಕೋಡು, ಕಂಪೈಲರು, ಟ್ರಾಫಿಕ್ಕು ಎಲ್ಲ ಬಿಟ್ಟು ಚಿಟ್ಟೆಗಳ ಬಗ್ಗೆ ಬರೆಯೋಣ ಅನ್ನಿಸಿದೆ. ಕಾರಣ ಇಷ್ಟೇ. ಹಾರವಾಡದ ನಮ್ಮ ಮನೆಯ ಮುಂದೆ ಉಳಿದಿರುವುದು ಹತ್ತಡಿ ಉದ್ದ, ಆರಡಿ ಅಗಲದ ಮಣ್ಣು. ಅಲ್ಲಿ ಕುಂಡದಷ್ಟೇ ಎತ್ತರ ಬೆಳೆಯುವ 'ಬಟರ್‌ಫ್ಲೈ ಬುಷ್' ಹಾಕಿದರೆ ಅಂಗಳ ತುಂಬ ಚಿಟ್ಟೆ ಬರುತ್ತದಂತೆ, ಆನ್‌ಲೈನಿನಲ್ಲಿ ಸಿಗುತ್ತದಂತೆ, ತರಿಸಿಕೊಡು ಅಂತ ಅಮ್ಮನ ಬೇಡಿಕೆ. ಇಂಜಿನಿಯರಿಂಗ್ ಓದಿದವನ ಚಾಳಿ ಗೊತ್ತಲ್ಲ, ಆರ್ಡರ್ ಮಾಡುವ ಮೊದಲು ಅದರ ಜಾತಕ ನೋಡಲೇಬೇಕು. ನೋಡುತ್ತಾ ಹೋದರೆ ಕಥೆ ಚೀನಾದಿಂದ ಶುರುವಾಗಿ ನಮ್ಮ ಕಾರವಾರಕ್ಕೇ ಬಂದು ನಿಂತಿತು!

ಬಟರ್‌ಫ್ಲೈ ಬುಷ್‌ನ ಶಾಸ್ತ್ರೀಯ ಹೆಸರು ಬಡ್ಲೇಯ ಡೇವಿಡಿ. ಆಡಮ್ ಬಡ್ಲ್ ಎಂಬ ಇಂಗ್ಲಿಷ್ ಪಾದ್ರಿ ಸಸ್ಯಶಾಸ್ತ್ರವನ್ನೂ ಬಲ್ಲವನಾಗಿದ್ದ. ಅವನು ತೀರಿಕೊಂಡದ್ದು 1715ರಲ್ಲಿ. ಆಮೇಲೆ ಲಿನೇಯಸ್ ಈ ಕುಲಕ್ಕೆ ಅವನ ಹೆಸರಿಟ್ಟ. ಡೇವಿಡಿ ಅನ್ನುವುದು ಇನ್ನೊಬ್ಬ ಪಾದ್ರಿ, ಫ್ರಾನ್ಸಿನ ಅರ್ಮಾಂ ದಾವಿದ್ ಹೆಸರು. ಚೀನಾದ ಸಿಚುವಾನ್ ಬೆಟ್ಟಗಳಲ್ಲಿ 1869ರಲ್ಲಿ ಅವನ ಕಣ್ಣಿಗೆ ಬಿದ್ದ ಗಿಡ ಇದು. ಯುರೋಪಿಗೆ ಹೋದ ಗಿಡ ತೋಟದಲ್ಲಿ ಸುಮ್ಮನೆ ಕೂರಲಿಲ್ಲ. ಬೀಜ ಗಾಳಿಯಲ್ಲಿ ಹಾರಿತು. ಬ್ರಿಟನ್ನಿನಲ್ಲಿ ರೈಲು ಹಳಿಗಳ ಪಕ್ಕ, ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಪಾಳಾದ ಜಾಗಗಳಲ್ಲಿ ಎಲ್ಲೆಂದರಲ್ಲಿ ಹಬ್ಬಿತು. ಅಮೆರಿಕದ ಆರೆಗನ್ ರಾಜ್ಯದಲ್ಲಂತೂ ಕಳೆ ಪಟ್ಟಿ ಸೇರಿತು. ಈಗ ಕುಂಡಕ್ಕೆಂದು ಸಿಗುವ ಗಿಡ್ಡ ತಳಿಗಳಲ್ಲಿ ಮೊದಲು ಹೆಸರು ಮಾಡಿದ 'ಬ್ಲೂ ಚಿಪ್' ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಡೆನ್ನಿಸ್ ವರ್ನರ್ ಬೆಳೆಸಿದ್ದು. ಎತ್ತರ ಕಡಿಮೆ, ಬೀಜವೂ ತೀರಾ ಕಡಿಮೆ. ಅಂದರೆ ಒಂದು ಬಗೆಯ ಬಗ್ ಫಿಕ್ಸ್ :-)

ಆದರೆ ತಂಪು ಬೆಟ್ಟದ ಈ ಗಿಡಕ್ಕೆ ಬೇರಿನಲ್ಲಿ ನೀರು ನಿಂತರೆ ಆಗುವುದಿಲ್ಲ. ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಜುಲೈ ತಿಂಗಳಲ್ಲಿ ಅದರ ಗತಿ ಏನಾಗಬಹುದು ಅಂತ ನೀವೇ ಊಹಿಸಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಹೂವು ಚಿಟ್ಟೆಗೆ ಖಾನಾವಳಿ ಮಾತ್ರ. ಬಂದು ಉಂಡು ಹೋಗುತ್ತದೆ. ಮೊಟ್ಟೆ ಇಡಬೇಕಾದರೆ ಮರಿಹುಳು ತಿನ್ನುವ ಎಲೆಯೇ ಬೇಕು, ಮತ್ತು ಹೆಚ್ಚಿನ ಜಾತಿಗಳ ಮರಿಗೆ ಕೆಲವೇ ಕೆಲವು ಗಿಡಗಳ ಎಲೆ ಆಗುತ್ತದೆ. ಖಾನಾವಳಿ ಎಷ್ಟಿದ್ದರೂ ಬಾಣಂತನದ ಮನೆ ಇಲ್ಲದಿದ್ದರೆ ಸಂತಾನ ಎಲ್ಲಿಂದ ಬರಬೇಕು?

ಈ ವಿಷಯವನ್ನು ನಮ್ಮ ಜಿಲ್ಲೆಯಲ್ಲೇ ಕೂತು ತಪಸ್ಸಿನಂತೆ ಅಭ್ಯಾಸ ಮಾಡಿದವರು ಮೂವರು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲಿನ ಕಾಲ. ಜೆ. ಡೇವಿಡ್‌ಸನ್ ಜಿಲ್ಲೆಯ ಕಲೆಕ್ಟರ್. ಇ. ಎಚ್. ಐಟ್‌ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯವರು, 1883ರಲ್ಲಿ ಹುಟ್ಟಿದ ಮುಂಬಯಿ ನೈಸರ್ಗಿಕ ಇತಿಹಾಸ ಸಂಘದ ಸ್ಥಾಪಕರಲ್ಲಿ ಒಬ್ಬರು, 'ಇಹಾ' ಎಂಬ ಹೆಸರಿನಲ್ಲಿ ನಗೆ ತುಂಬಿದ ಪುಸ್ತಕ ಬರೆದವರು. ಮೂರನೆಯವರು ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಐರ್ಲೆಂಡಿನವರು. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದ ದೀರ್ಘ ಲೇಖನ 1896-97ರಲ್ಲಿ ಆ ಸಂಘದ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಬರೀ ಬಲೆ ಬೀಸಿ ಹಿಡಿದು ಸೂಜಿ ಚುಚ್ಚುವುದಲ್ಲ ಇವರ ಕೆಲಸ. ಕಾಡಿನಿಂದ ಮರಿಹುಳು ತಂದು, ಅದರ ಎಲೆ ಹುಡುಕಿ ಹಾಕಿ, ಕೋಶ ಕಟ್ಟಿ ರೆಕ್ಕೆ ಬರುವವರೆಗೆ ಸಾಕಿ, ಯಾವ ಹುಳುವಿಗೆ ಯಾವ ಎಲೆ ಅಂತ ದಾಖಲಿಸಿದರು. ಬೆಲ್ ಸಾಹೇಬರು 1920ರಲ್ಲಿ ನಿವೃತ್ತರಾದ ಮೇಲೂ ಊರಿಗೆ ಮರಳಲಿಲ್ಲ. ಕಾರವಾರದಲ್ಲೇ ಉಳಿದು, ದೇಶಕ್ಕೆ ಸ್ವಾತಂತ್ರ್ಯ ಬಂದದ್ದನ್ನೂ ನೋಡಿ, 1948ರಲ್ಲಿ ತೀರಿಕೊಂಡರು. ಹಾರವಾಡದಿಂದ ಮುಂದಿನ ರೈಲು ನಿಲ್ದಾಣವೇ ಕಾರವಾರ. ಆದರೂ ಶಾಲೆಯಲ್ಲಿ ನನಗೆ ಯಾರೂ ಇವರ ಹೆಸರು ಹೇಳಿರಲಿಲ್ಲ.

ಇವರಿಗೂ ಹಿಂದೆ ಹೋದರೆ ನಮ್ಮ ಕರಾವಳಿಯ ಕೇಪಳ ಸಿಗುತ್ತದೆ. ಡಚ್ಚರ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದಲ್ಲಿ ಇದರ ಚಿತ್ರ ಇದೆ. ಆ ಗ್ರಂಥಕ್ಕೆ ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಜೊತೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ಅವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಅದರಲ್ಲೇ ಅಚ್ಚಾಗಿದೆ. ಆಮೇಲೆ ಲಿನೇಯಸ್ ಇಟ್ಟ 'ಇಕ್ಸೋರ' ಎಂಬ ಕುಲದ ಹೆಸರು ಬೇರೆ ಯಾವುದೂ ಅಲ್ಲ, ನಮ್ಮ ಈಶ್ವರ! ಪೋರ್ಚುಗೀಸರು 'ಶ' ಧ್ವನಿಗೆ ಬಳಸುವ ಅಕ್ಷರವನ್ನು 'ಕ್ಸ' ಎಂದು ಓದಿದ್ದರಿಂದ ಈಶ್ವರ ಇಕ್ಸೋರ ಆದ.

ಕೇಪಳದ ಹೂವಿನ ನಾಳ ಉದ್ದ. ಉದ್ದ ಸೊಂಡಿಲಿನ ದೊಡ್ಡ ಚಿಟ್ಟೆಗಳಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಇದರ ಗಿಡ್ಡ ಜಾತಿ ಈಗ ಎಲ್ಲ ನರ್ಸರಿಗಳಲ್ಲೂ ಸಿಗುತ್ತದೆ. ಹುಳಿ ಮಣ್ಣು ಇದಕ್ಕೆ ಇಷ್ಟ, ಅಂದರೆ ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣೇ ಸಾಕು. ಟೊಂಗೆಯ ತುದಿಯಲ್ಲಿ ಹೂ ಬಿಡುವುದರಿಂದ ಪದೇ ಪದೇ ಕತ್ತರಿಸಬಾರದು, ಒಂದು ಸುತ್ತು ಹೂ ಮುಗಿದ ಮೇಲೆ ಕತ್ತರಿಸಿದರೆ ಗಿಡ ಒತ್ತಾಗಿ ನಿಲ್ಲುತ್ತದೆ.

ಹೀಗಾಗಿ ಅಮ್ಮನಿಗೆ ಕೊಟ್ಟ ನನ್ನ ಪಟ್ಟಿ ಇದು. ಖಾನಾವಳಿಗೆ ಎರಡು ಗಿಡ್ಡ ಕೇಪಳ. ಬಾಣಂತನಕ್ಕೆ ಚಿವುಟಿ ಚಿವುಟಿ ಗಿಡ್ಡ ಮಾಡಿದ ಕರಿಬೇವು, ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಗೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಒರೆಸಬೇಡ, ಅದೇ ಮರಿ! ಕಾಂಪೌಂಡಿಗೆ ಈಶ್ವರಿ ಬಳ್ಳಿ, ಅದು ಕ್ರಿಮ್ಸನ್ ರೋಸ್ ಚಿಟ್ಟೆಗೂ, ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೂ. ಆ ಬಳ್ಳಿ ವಿಷ, ಮಕ್ಕಳ ಬಾಯಿಗೆ ಹೋಗಬಾರದು. ಅದೇ ವಿಷವನ್ನು ಮೈಯಲ್ಲಿಟ್ಟುಕೊಂಡು ಈ ಚಿಟ್ಟೆಗಳು ಹಕ್ಕಿಗಳಿಂದ ಬಚಾವಾಗುತ್ತವೆ. ಔಷಧಿ ಸಿಂಪಡಿಸುವುದು ಮಾತ್ರ ಪೂರ್ತಿ ಬಂದ್.

"ಈಶ್ವರಿ ಬಳ್ಳಿಯಾ? ಮೊದಲು ಬೇಲಿ ತುಂಬ ಇತ್ತಲ್ಲೋ" ಅಂದಳು ಅಮ್ಮ. ಅಲ್ಲೇ ಇರುವುದು ನೋಡಿ ವಿಷಯ. ಮೊದಲು ನಮ್ಮ ಕೇರಿಯಲ್ಲಿ ಬೇಲಿಗಳಿದ್ದವು, ಈಗ ಚಿರೇಕಲ್ಲಿನ ಗೋಡೆಗಳಿವೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲ ಬದಿಯ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಮನುಷ್ಯ ಪಾತ್ರೆ, ದೇವರ ಪಟ ಕಟ್ಟಿಕೊಂಡು ಹೊರಡಬಲ್ಲ. ಬೇಲಿ ಕಟ್ಟಿಕೊಂಡು ಹೊರಡುವುದು ಹೇಗೆ? ಯಾರೂ ಚಿಟ್ಟೆಗಾಗಿ ನೆಟ್ಟದ್ದಲ್ಲ, ಹಾಗಾಗಿ ಹೋದಾಗ ಯಾರೂ ಲೆಕ್ಕ ಇಡಲಿಲ್ಲ. 1896ರ ಲೇಖನ ಹಾಗೇ ಇದೆ, ಅದರಲ್ಲಿರುವ ಎಲೆಗಳು ನಮ್ಮ ಅಂಗಳಗಳಿಂದ ಒಂದೊಂದಾಗಿ ಖಾಲಿಯಾಗುತ್ತಿವೆ.

ನಿಮ್ಮೂರಿನ ಬೇಲಿಯಲ್ಲಿ ಏನೇನಿತ್ತು, ಈಗ ಏನುಳಿದಿದೆ? ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬರೆಯಿರಿ. ಗಿಡದ ಹೆಸರು ನಿಮ್ಮೂರಿನ ಭಾಷೆಯಲ್ಲೇ ಇರಲಿ.