ನೆಲವಿಲ್ಲದವರ ಆಸ್ತಿ: ಲಮಲೆರಾ ಗ್ರಾಮದ ಪಾಲು, ಪಯಣ ಮತ್ತು ಬದುಕು

ಇಂಡೋನೇಷ್ಯಾದ ಪೂರ್ವ ನುಸಾ ತೆಂಗಾರ ಪ್ರಾಂತ್ಯದಲ್ಲಿ, ಫ್ಲೋರೆಸ್ ದ್ವೀಪದಿಂದ ಪೂರ್ವಕ್ಕೆ ಸಾಲಾಗಿ ಹಬ್ಬಿರುವ ಪುಟ್ಟ ದ್ವೀಪಗಳಲ್ಲಿ ಲೆಂಬಾಟವೂ ಒಂದು. ಹಳೆಯ ನಕ್ಷೆಗಳಲ್ಲಿ ಅದರ ಹೆಸರು ಲೊಂಬ್ಲೆನ್. ಈ ದ್ವೀಪದ ದಕ್ಷಿಣ ತೀರದಲ್ಲಿ, ಲಬಲೆಕಾಂಗ್ ಪರ್ವತದ ಇಳಿಜಾರು ಸವು ಸಮುದ್ರವನ್ನು ಮುಟ್ಟುವ ಕಲ್ಲುನೆಲದ ಮೇಲೆ ಲಮಲೆರಾ ಗ್ರಾಮವಿದೆ. ಕೈಯಲ್ಲಿ ಹಿಡಿದ ಈಟಿಯೊಂದಿಗೆ ದೋಣಿಯಿಂದಲೇ ಹಾರಿ ತಿಮಿಂಗಿಲವನ್ನು ಇರಿಯುವ ಬೇಟೆಗಾರರ ಊರೆಂದು ಅದು ಹೊರಜಗತ್ತಿಗೆ ಪರಿಚಿತ. ಆ ಪ್ರಸಿದ್ಧಿ ಸುಳ್ಳಲ್ಲವಾದರೂ ಅಪೂರ್ಣ: ಉಳುಮೆಗೆ ಒದಗುವ ಭೂಮಿ ತೀರ ಕಡಿಮೆಯಿದ್ದ ಜನ ಯಾವುದನ್ನು ಆಸ್ತಿಯೆಂದು ಎಣಿಸಿದರು, ಹಿಡಿದದ್ದನ್ನು ಹೇಗೆ ಹಂಚಿಕೊಂಡರು, ಹಂಚಿಕೊಂಡದ್ದನ್ನು ಯಾರು ಹೊತ್ತು ನಡೆದು ಕಾಳಾಗಿ ಪರಿವರ್ತಿಸಿದರು ಎಂಬುದರಲ್ಲೇ ಆ ಊರಿನ ಇತಿಹಾಸದ ಹೆಚ್ಚಿನ ಭಾಗ ಅಡಗಿದೆ.

ಗ್ರಾಮಸ್ಥರ ಐತಿಹ್ಯದ ಪ್ರಕಾರ ಅವರ ಪೂರ್ವಿಕರು ಸುಲಾವೆಸಿಯ ಲುವು ಸೀಮೆಯಿಂದ ಹೊರಟು, ಲೆಪನ್ ಬಟನ್ ಎಂಬ ದ್ವೀಪದಲ್ಲಿ ನೆಲೆಸಿ, ಅದು ಸಮುದ್ರದ ಪಾಲಾದ ಮೇಲೆ ಈ ತೀರಕ್ಕೆ ಬಂದವರು. ಲಿಖಿತ ದಾಖಲೆಗಳಲ್ಲಿ ಈ ದ್ವೀಪಗಳ ತಿಮಿಂಗಿಲ ಬೇಟೆ ಕಾಣಿಸಿಕೊಳ್ಳುವುದು 1624ರ ಪೋರ್ಚುಗೀಸ್ ಬರಹವೊಂದರಲ್ಲಿ. ದ್ವೀಪವಾಸಿಗಳು ಎಣ್ಣೆಗಾಗಿ ಈಟಿಯಿಂದ ತಿಮಿಂಗಿಲ ಹಿಡಿಯುತ್ತಾರೆಂದು ಅದು ಹೇಳುತ್ತದೆ. 1859ರ ಲಿಸ್ಬನ್ ಒಪ್ಪಂದದಿಂದ ಈ ಪ್ರದೇಶದ ಮೇಲಿನ ಹಕ್ಕು ಪೋರ್ಚುಗೀಸರಿಂದ ಡಚ್ಚರಿಗೆ ದಾಟಿತು. 1920ರಲ್ಲಿ ಬರ್ನಾರ್ಡ್ ಬೋಡೆ ಎಂಬ ಜರ್ಮನ್ ಪಾದ್ರಿ ಬಂದು ನೆಲೆಸಿದ ಮೇಲೆ ಊರು ಕ್ಯಾಥೊಲಿಕ್ ಮತವನ್ನು ಒಪ್ಪಿಕೊಂಡಿತಾದರೂ ಪೂರ್ವಿಕರ ಆಚರಣೆಗಳು ಪೂರ್ತಿ ಅಳಿಯಲಿಲ್ಲ. ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನಡೆಯುವ, 'ಲೆಫಾ' ಎಂದು ಕರೆಯಲಾಗುವ ಬೇಟೆಯ ಋತು ಇಂದು ಕಡಲತಡಿಯ ಪೂಜಾವಿಧಿಯಿಂದ ಆರಂಭವಾಗುತ್ತದೆ. ಅದಕ್ಕೂ ಮುನ್ನ, ಈ ನೆಲದಲ್ಲಿ ಮೊದಲೇ ಇದ್ದವರ ವಂಶಸ್ಥರು ಪರ್ವತವನ್ನೇರಿ ತಿಮಿಂಗಿಲಗಳನ್ನು ಆಹ್ವಾನಿಸುವ ವಿಧಿಯನ್ನು ನಡೆಸುತ್ತಾರೆ.

ಈ ವಂಶಸ್ಥರಿಗೆ 'ತಾನ ಅಲೆಪ್', ಅಂದರೆ ನೆಲದ ಒಡೆಯರು, ಎಂದು ಹೆಸರು. ತಡವಾಗಿ ಬಂದ ಕಡಲಿಗರಿಗೆ ತೀರದಲ್ಲಿ ನೆಲೆ ದೊರೆತದ್ದು ಇವರಿಂದ. ಆ ಋಣ ಇಂದಿಗೂ ತೀರಿಲ್ಲ. ಊರವರು 'ಕೊತೆಕ್ಲೆಮಾ' ಎಂದು ಕರೆಯುವ ಸ್ಪರ್ಮ್ ತಿಮಿಂಗಿಲ ಮರಳಿಗೆ ಬಂದಾಗಲೆಲ್ಲ ಅದರ ತಲೆಯ ಭಾಗದಲ್ಲಿ ನೆಲದ ಒಡೆಯರಿಗೆ ಪಾಲು ಸಲ್ಲಬೇಕು. ಭೂಮಿಯ ಮೇಲಿನ ಹಕ್ಕಿಗೆ ಸಮುದ್ರದ ಫಲದಲ್ಲಿ ಗೇಣಿ ಸಲ್ಲಿಸುವ ಇಂಥ ಏರ್ಪಾಡು, ಆಸ್ತಿಯ ಇತಿಹಾಸವನ್ನು ಬರೆಯುವವರು ನಿಂತು ನೋಡಬೇಕಾದ ಸಂಗತಿ.

ಊರಿನ ನಿಜವಾದ ಸ್ಥಿರಾಸ್ತಿಯೆಂದರೆ 'ತೇನಾ' ಎಂಬ ದೋಣಿ. ಸುಮಾರು 10 ಮೀಟರ್ ಉದ್ದದ ಈ ದೋಣಿಯನ್ನು ಕಬ್ಬಿಣದ ಮೊಳೆಯಿಲ್ಲದೆ, ಹಲಗೆಯ ಅಂಚಿಗೆ ಹಲಗೆಯನ್ನಿಟ್ಟು ಮರದ ಗೂಟಗಳಿಂದ ಬೆಸೆದು ಕಟ್ಟಲಾಗುತ್ತದೆ. ಮೊದಲು ಹೊರಮೈ ಸಿದ್ಧವಾಗಿ, ಒಳಗಿನ ಪಕ್ಕೆಗಳನ್ನು ಆಮೇಲೆ ಹಗ್ಗದಿಂದ ಬಿಗಿಯುತ್ತಾರೆ. ಹಲಗೆಗಳ ಸಂಖ್ಯೆ ಮತ್ತು ಜೋಡಣೆಯ ಕ್ರಮ ಪೂರ್ವಿಕರಿಂದ ಬಂದದ್ದು, ಅದನ್ನು ಬದಲಿಸುವಂತಿಲ್ಲ. ದೋಣಿಯ ಹಾಯಿ ತಾಳೆಯ ಜಾತಿಗೆ ಸೇರಿದ ಗೆಬಾಂಗ್ ಮರದ ಗರಿಯನ್ನು ಹೆಣೆದು ಮಾಡಿದ್ದು. ಮೂತಿಯಿಂದ ಮುಂದಕ್ಕೆ ಚಾಚಿದ ಬಿದಿರಿನ ಅಟ್ಟದ ಮೇಲೆ 'ಲಮಫಾ', ಅಂದರೆ ಈಟಿಗಾರ, ನಿಲ್ಲುತ್ತಾನೆ. ಇಂಥ ದೋಣಿ ಯಾವೊಬ್ಬನ ಸ್ವತ್ತೂ ಅಲ್ಲ. ಒಂದು ಮನೆತನವನ್ನು ಕೇಂದ್ರವಾಗಿಸಿಕೊಂಡ ಪಾಲುದಾರರ ಕೂಟವೊಂದು ಅದನ್ನು ಕಟ್ಟಿಸುತ್ತದೆ, ಕಾಯುತ್ತದೆ, ದುರಸ್ತಿಯ ಹೊಣೆ ಹೊರುತ್ತದೆ.

ಹಂಚಿಕೆಯ ಕ್ರಮವೂ ಅಷ್ಟೇ ಖಚಿತವಾದುದು. ಹಲವು ದೋಣಿಗಳು ಸೇರಿ ಹಿಡಿದ ಪ್ರಾಣಿಯಾದರೆ ಮೊದಲು ದೋಣಿಗಳ ನಡುವೆ ಪಾಲಾಗಿ, ಆ ಬಳಿಕ ಪ್ರತಿ ದೋಣಿಯ ಪಾಲು ಮೂರು ಬಗೆಯ ಹಕ್ಕುದಾರರಿಗೆ ಸೇರುತ್ತದೆ: ಕಡಲಿಗೆ ಹೋದ ಹುಟ್ಟುಗಾರರಿಗೆ ಮತ್ತು ಈಟಿಗಾರನಿಗೆ, ದೋಣಿಯ ಪಾಲುದಾರರಿಗೆ, ಹಾಗೂ ಬಡಗಿ, ಕಮ್ಮಾರ, ಹಾಯಿ ಹೆಣೆದವನಂಥ ಕುಶಲಕರ್ಮಿಗಳಿಗೆ. ತಿಮಿಂಗಿಲದ ದೇಹದ ಯಾವ ಭಾಗ ಯಾವ ಹಕ್ಕಿಗೆ ಸೇರಿದ್ದೆಂಬುದು ಕತ್ತಿಯಿಡುವ ಮೊದಲೇ ಗೊತ್ತಿರುತ್ತದೆ. ಮೈಕೆಲ್ ಅಲ್ವಾರ್ಡ್ ಮತ್ತು ಡೇವಿಡ್ ನೋಲಿನ್ ಎಂಬ ಮಾನವಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕ್ರಮವನ್ನು ವಿವರಿಸಿ, ಪಾಲಿನ ನಿಯಮ ಸ್ಪಷ್ಟವಾಗಿರುವುದರಿಂದಲೇ ಅಷ್ಟೊಂದು ಜನ ಅಪಾಯದ ಕೆಲಸದಲ್ಲಿ ಒಟ್ಟಾಗಲು ಸಾಧ್ಯವಾಯಿತೆಂದು ವಾದಿಸಿದರು. ಹೀಗೆ ಮನೆಗೆ ಬಂದ ಮಾಂಸವೂ ಅಲ್ಲಿಗೇ ನಿಲ್ಲದೆ, ಬಂಧುಗಳಿಗೆ, ನೆರೆಯವರಿಗೆ, ದುಡಿಯುವ ಕೈಯಿಲ್ಲದ ಮನೆಗಳಿಗೆ ಮತ್ತೆ ಹರಿಯುತ್ತದೆ.

ಆದರೆ ಮಾಂಸ ತಿಂದೇ ಬದುಕಲಾಗದು, ಕಾಳು ಬೇಕು, ಕಾಳಿರುವುದು ಬೆಟ್ಟದಲ್ಲಿ. ಇಲ್ಲಿಂದ ಇತಿಹಾಸ ಹೆಂಗಸರ ಕೈಗೆ ಬರುತ್ತದೆ. ಒಣಗಿಸಿದ ಮಾಂಸದ ಪಟ್ಟಿ, ಮೀನು, ಸಮುದ್ರದ ನೀರಿನಿಂದ ತೆಗೆದ ಉಪ್ಪು ಮತ್ತು ಹವಳವನ್ನು ಸುಟ್ಟು ಮಾಡಿದ ಸುಣ್ಣವನ್ನು ಬುಟ್ಟಿಗಳಲ್ಲಿ ತುಂಬಿ, ತಲೆಯ ಮೇಲಿಟ್ಟುಕೊಂಡು, ಲಮಲೆರಾದ ಹೆಂಗಸರು ನಸುಕಿಗೇ ಎದ್ದು ಬೆಟ್ಟದ ಹಳ್ಳಿಗಳಿಗೆ ನಡೆಯುತ್ತಿದ್ದರು. ಅಲ್ಲಿ ಮನೆಮನೆಗೂ ಪರಿಚಯವಿದ್ದು, ವಿನಿಮಯದ ಸಂಬಂಧ ತಾಯಿಯಿಂದ ಮಗಳಿಗೆ ಬರುವುದೂ ಉಂಟು. ಒಂದು ಪಟ್ಟಿ ಒಣಮಾಂಸಕ್ಕೆ 12 ಮುಸುಕಿನ ಜೋಳದ ತೆನೆ ಅಥವಾ 12 ಬಾಳೆಹಣ್ಣು ಎಂಬುದು ಬಹುಕಾಲ ನಿಂತ ದರ. ಅಡಿಕೆ, ವೀಳ್ಯ ಕೂಡ ಹೀಗೆಯೇ ಎಣಿಕೆಯಲ್ಲಿ ಬರುತ್ತಿದ್ದವು. ಸಮೀಪದ ವುಲಂಡೋನಿಯ ಶನಿವಾರದ ಸಂತೆಯಲ್ಲಿ ಕಡಲವರೂ ಬೆಟ್ಟದವರೂ ಎದುರುಬದುರು ಕುಳಿತು, ಅಧಿಕಾರಿ ಸೀಟಿ ಊದಿದ ಮೇಲೆಯೇ ವಿನಿಮಯಕ್ಕೆ ತೊಡಗುವರು. ಈ ಊರನ್ನು ಅಧ್ಯಯನ ಮಾಡಿದ ವಿದ್ವಾಂಸರಾದ ಆರ್. ಎಚ್. ಬಾರ್ನ್ಸ್ ಮತ್ತು ರೂತ್ ಬಾರ್ನ್ಸ್ 1989ರ ತಮ್ಮ ಲೇಖನದಲ್ಲಿ ಈ ವಿನಿಮಯವನ್ನು ಕೂಲಂಕಷವಾಗಿ ದಾಖಲಿಸಿರದಿದ್ದರೆ, ಛಾಯಾಚಿತ್ರಕಾರರ ಕಣ್ಣಿಗೆ ಬೀಳದ ಈ ಕಾಲುದಾರಿಗಳು ಚರಿತ್ರೆಯಿಂದ ಬಹುಮಟ್ಟಿಗೆ ಜಾರಿಹೋಗುತ್ತಿದ್ದವು.

ಮನೆತನದ ಸಂಪತ್ತಿನಲ್ಲಿ ಇನ್ನೆರಡು ವಸ್ತುಗಳಿಗೆ ಮೇಲಿನ ಸ್ಥಾನ. ಮದುವೆಯಲ್ಲಿ ಗಂಡಿನ ಕಡೆಯವರು ಆನೆಯ ದಂತ ಕೊಡಬೇಕು; ಆನೆಯೇ ಇಲ್ಲದ ದ್ವೀಪಕ್ಕೆ ದಂತ ಬಂದದ್ದು ಸಮುದ್ರ ವ್ಯಾಪಾರದಿಂದ. ಹೆಣ್ಣಿನ ಕಡೆಯವರು ಪ್ರತಿಯಾಗಿ 'ಕೆವಾತೆಕ್' ಎಂಬ ಉಡುಗೆಬಟ್ಟೆ ಕೊಡುತ್ತಾರೆ. ನೇಯುವ ಮೊದಲೇ ನೂಲನ್ನು ಅಲ್ಲಲ್ಲಿ ಕಟ್ಟಿ ಬಣ್ಣದಲ್ಲಿ ಅದ್ದುವ ಇಕತ್ ವಿಧಾನದ ಈ ಬಟ್ಟೆಗಳ ವಿನ್ಯಾಸದಲ್ಲಿ ಗುಜರಾತಿನ ಪಟೋಲದ ಪ್ರಭಾವವಿದೆ. ಮಸಾಲೆ ವ್ಯಾಪಾರದ ಹಡಗುಗಳಲ್ಲಿ ಬಂದ ಪಟೋಲಗಳು ಈ ಸೀಮೆಯಲ್ಲಿ ಮನೆತನದ ನಿಧಿಯಾಗಿ ಉಳಿದುಬಂದಿವೆ.

1973ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೇಟೆಯನ್ನು ಆಧುನಿಕಗೊಳಿಸಲು ನಾರ್ವೆಯ ತಜ್ಞನನ್ನು ಕಳಿಸಿತು. ಆ ಪ್ರಯತ್ನ ಫಲಿಸಲಿಲ್ಲ; ಊರಿನ ವಿಧಾನವೇ ಅಲ್ಲಿನ ಸಂಪನ್ಮೂಲಕ್ಕೂ ಸಂಸ್ಕೃತಿಗೂ ಹೊಂದಿಕೊಂಡದ್ದೆಂದು ಸಂಸ್ಥೆಯ ವರದಿಯೇ ಒಪ್ಪಿಕೊಂಡಿತು. ನಿಜವಾದ ಬದಲಾವಣೆ ತಂದದ್ದು ಮೋಟಾರು ಮತ್ತು ಶಾಲೆ. 'ಜಾನ್ಸನ್' ಎಂದು ಕರೆಯಲಾಗುವ ಯಂತ್ರದ ದೋಣಿಗೆ ಇಂಧನ ಬೇಕು, ಇಂಧನಕ್ಕೆ ನಗದು ಬೇಕು, ಆ ನಗದು ಜೋಳದ ತೆನೆಯಿಂದ ಹುಟ್ಟುವುದಿಲ್ಲ. ಶಾಲೆ ಕಲಿತವರು ಕುಪಾಂಗ್, ಜಕಾರ್ತಗಳಿಗೆ ಹೊರಟರು. ಇಂಡೋನೇಷ್ಯಾದ ಶಾಲೆಗಳಲ್ಲಿ ವ್ಯಾಪಕವಾಗಿ ಬಳಕೆಯಾದ ವ್ಯಾಕರಣ ಪುಸ್ತಕದ ಕರ್ತೃ, ಭಾಷಾಶಾಸ್ತ್ರಜ್ಞ ಗೋರಿಸ್ ಕೆರಾಫ್ ಹುಟ್ಟಿದ್ದು ಇದೇ ಊರಿನಲ್ಲಿ.

ಸವು ಸಮುದ್ರವನ್ನು ಸಂರಕ್ಷಿತ ವಲಯವೆಂದು 2009ರಲ್ಲಿ ಘೋಷಿಸಿದಾಗ, ಗ್ರಾಮಸ್ಥರ ವಿರೋಧದಿಂದಾಗಿ ಲೆಂಬಾಟದ ನೀರನ್ನು ಅದರ ಹೊರಗಿಡಲಾಯಿತು. ತಿಮಿಂಗಿಲಗಳನ್ನು ಉಳಿಸಬೇಕೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಆ ಚರ್ಚೆಯಲ್ಲಿ ಮಾತಾಡುವವರು ಸರಕಾರವೂ ಸಂರಕ್ಷಣಾವಾದಿಗಳೂ ಈಟಿಗಾರರೂ ಮಾತ್ರವಾದರೆ ಸಾಲದು. ಬೇಟೆ ನಿಂತ ದಿನ ಬೆಟ್ಟದ ಹಾದಿಯಲ್ಲಿ ಬರಿಗೈಯಾಗಿ ನಿಲ್ಲಬೇಕಾದವರು ಬುಟ್ಟಿ ಹೊರುವ ಹೆಂಗಸರು, ಆದ್ದರಿಂದ ಮೊದಲು ಕೇಳಬೇಕಾದದ್ದು ಅವರನ್ನು.