ಕುರಿ ಮಲಗಿದ ಗುಂಡಿಗಳು

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೆಯ ಗಾಲ್ಫ್ ಮೈದಾನವನ್ನು ಯಾವೊಬ್ಬ ವಿನ್ಯಾಸಕಾರನೂ ನಕ್ಷೆ ಬರೆದು ಕಟ್ಟಲಿಲ್ಲ. ಊರಿಗೂ ಕಡಲಿಗೂ ನಡುವೆ ಬಿದ್ದಿದ್ದ, ಉಳುಮೆಗೆ ಒಗ್ಗದ ಮರಳುನೆಲ ಅದು. ಮಳೆನೀರು ಬೇಗ ಇಂಗುತ್ತದೆ, ಹುಲ್ಲು ಗಿಡ್ಡ. ಗಾಳಿಗೆ ಮರೆಯಾಗಿ ಕುರಿಗಳು ಮಲಗುತ್ತಿದ್ದ ತಗ್ಗುಗಳೇ ಬಂಕರ್‌ಗಳಾದವಂತೆ. 18 ಕುಳಿಗಳ ಲೆಕ್ಕಕ್ಕೂ ಶಾಸ್ತ್ರವೇನಿಲ್ಲ: 1764ರಲ್ಲಿ ಕೆಲವು ಚಿಕ್ಕ ಕುಳಿಗಳನ್ನು ಒಂದುಗೂಡಿಸಿದಾಗ 22 ಇದ್ದದ್ದು 18ಕ್ಕೆ ಇಳಿಯಿತು, ಅಷ್ಟೆ.

ಒಳನಾಡಿನ ಜೇಡಿಮಣ್ಣು ಇಂಥ ಉಪಕಾರ ಮಾಡಲಿಲ್ಲ. ಚಳಿಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕಲ್ಲು. ಹಾಗಾಗಿ ವಿಲ್ಲಿ ಪಾರ್ಕ್ ಜೂನಿಯರ್ ಲಂಡನ್ನಿನ ಹೊರಗೆ, ಸನ್ನಿಂಗ್‌ಡೇಲ್‌ನ ಪೊದೆಗಾಡಿನ ಮರಳುನೆಲದಲ್ಲಿ ಹುಲ್ಲು ಬಿತ್ತಿಸಿ 1901ರ ಹೊತ್ತಿಗೆ ಮೈದಾನ ಸಿದ್ಧಪಡಿಸಿದ.

ನನ್ನನ್ನು ಹೆಚ್ಚು ಕಾಡುವವನು ಅಲಿಸ್ಟರ್ ಮೆಕೆಂಜಿ. ವೃತ್ತಿಯಿಂದ ವೈದ್ಯ; ಬೋಯರ್ ಯುದ್ಧದಲ್ಲಿ ಎದುರಾಳಿಗಳು ನೆಲದೊಳಗೆ ನೆಲವಾಗಿ ಅಡಗುವುದನ್ನು ಕಂಡವನು. ಅಗೆದದ್ದು ಅಗೆದಂತೆ ಕಾಣಬಾರದು ಎಂಬ ಆ ಯುದ್ಧಪಾಠವನ್ನೇ ಮೈದಾನಕ್ಕೆ ತಂದ. ಕುರಿಗಳು ಅರಿವಿಲ್ಲದೆ ಮಾಡಿದ್ದನ್ನು ಇವನು ಲೆಕ್ಕಹಾಕಿ ಮಾಡಿದ! ಇದನ್ನು ಸಹಜ ಎನ್ನಲು ನನಗೆ ಮನಸ್ಸಾಗದು. ಚೆಲುವಿಲ್ಲ ಎನ್ನಲೂ ಆಗದು. ಅಮೆರಿಕದ ಜಾರ್ಜಿಯಾದಲ್ಲಿ, ಹಿಂದೆ ಸಸಿಗಳ ನರ್ಸರಿಯಾಗಿದ್ದ ಇಳಿಜಾರಿನಲ್ಲಿ, ಬಾಬಿ ಜೋನ್ಸ್ ಜೊತೆ ಅವನು ಆಗಸ್ಟಾ ಮೈದಾನ ರೂಪಿಸಿದ. ಬಂಕರ್‌ಗಳನ್ನು ಮಿತವಾಗಿಟ್ಟು, ಆಟಗಾರನನ್ನು ಪರೀಕ್ಷಿಸುವ ಕೆಲಸವನ್ನು ಏರಿಳಿತಗಳಿಗೇ ಬಿಟ್ಟ. ಅಲ್ಲಿ ಮೊದಲ ಪಂದ್ಯಾವಳಿ ನಡೆದದ್ದು 1934ರ ಮಾರ್ಚ್‌ನಲ್ಲಿ. ಮೆಕೆಂಜಿ ಅದೇ ಜನವರಿಯಲ್ಲಿ ತೀರಿಕೊಂಡಿದ್ದ.